'ಮೇಡ್ ಇನ್ ಜಪಾನ್': ಐವತ್ತು ವರ್ಷ ದಾಟಿದರೂ ಈ ಆಲ್ಬಮ್‌ನ ಮಾತು ಏಕೆ ಮುಗಿಯುವುದಿಲ್ಲ?

ಹಳೆಯ ಕ್ಯಾಸೆಟ್:

ವೇದಿಕೆಯ ಮೇಲೆ ನುಡಿಸಿದ್ದನ್ನು ಹಿಡಿದಿಟ್ಟ ರಾಕ್ ಆಲ್ಬಮ್‌ಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ನನ್ನ ಕೈ ಹೋಗುವುದು ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಕಡೆಗೆ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೊಕಾನ್‌ನಲ್ಲಿ ನುಡಿಸಿದ ಮೂರು ಕಛೇರಿಗಳಿಂದ ಆಯ್ದ ಏಳೇ ಹಾಡುಗಳು. ಎರಡು ಎಲ್‌ಪಿ ತಟ್ಟೆ, ನಾಲ್ಕು ಬದಿ, ಒಂದೂಕಾಲು ಗಂಟೆಗೆ ತುಸು ಹೆಚ್ಚು. ಇಯಾನ್ ಗಿಲನ್ ಹಾಡುಗಾರಿಕೆ, ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ (ವಿದ್ಯುತ್ತಿನ ಕೀಬೋರ್ಡ್ ವಾದ್ಯ), ರೋಜರ್ ಗ್ಲೋವರ್ ಬೇಸ್, ಇಯಾನ್ ಪೇಸ್ ಡ್ರಮ್ಸ್.

ನಾನು ಚರ್ಚೆಗೆ ಇಡುತ್ತಿರುವ ಮಾತು ಇದು: ಈ ಆಲ್ಬಮ್ ಇಷ್ಟು ಚೆನ್ನಾಗಿ ಬಂದದ್ದು ಇದನ್ನು ಮಾಡುವ ಹಂಬಲ ತಂಡದವರಿಗೆ ಇರಲಿಲ್ಲವಾದ್ದರಿಂದ. ಕೇಳಿದ್ದು ಜಪಾನಿನ ವಾರ್ನರ್ ಪಯೋನಿಯರ್ ಕಂಪನಿ. ತಂಡದವರು ಹಿಂದೆ ಮುಂದೆ ನೋಡಿ, ಕೊನೆಗೆ ಷರತ್ತು ಹಾಕಿ ಒಪ್ಪಿಕೊಂಡರು. ಧ್ವನಿಮುದ್ರಣಕ್ಕೆ ತಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರೇ ಬರಬೇಕು, ಹೊರತರಬೇಕೋ ಬೇಡವೋ ಎಂಬ ಕೊನೆಯ ಮಾತು ತಮ್ಮದೇ ಆಗಿರಬೇಕು. ಅದೂ ಜಪಾನಿನ ಮಾರುಕಟ್ಟೆಗೆ ಮಾತ್ರ ಎಂಬ ಲೆಕ್ಕ. ಹೀಗಾಗಿ ಆ ಮೂರು ರಾತ್ರಿ ಐವರೂ ಇತಿಹಾಸಕ್ಕಾಗಿ ನುಡಿಸಲಿಲ್ಲ, ಎದುರಿಗಿದ್ದವರಿಗಾಗಿ ನುಡಿಸಿದರು. ಜಾಗೃತರಾಗಿ ನುಡಿಸಿದ್ದರೆ 'ಹೈವೇ ಸ್ಟಾರ್' ಆ ವೇಗದಲ್ಲಿ ಹೊರಡುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ನಿಮ್ಮೆಲ್ಲರ ಅಭಿಪ್ರಾಯ ಬರೆಯಿರಿ. ಒಪ್ಪದವರು ದಯವಿಟ್ಟು ಕಾರಣ ಕೊಡಿ.

ದಾವಣಗೆರೆಯ ಗಿಟಾರ್:

ಸರ್, ಪೂರ್ತಿ ಒಪ್ಪುತ್ತೇನೆ. 'ಹೈವೇ ಸ್ಟಾರ್' ವಿಷಯಕ್ಕೆ ಒಂದು ಸೇರಿಸುತ್ತೇನೆ. ಈ ಹಾಡು ಹುಟ್ಟಿದ್ದು 1971ರಲ್ಲಿ, ಪೋರ್ಟ್ಸ್‌ಮತ್ ಊರಿಗೆ ಹೊರಟ ಬಸ್ಸಿನಲ್ಲಿ. ಹಾಡುಗಳನ್ನು ಹೇಗೆ ಕಟ್ಟುತ್ತೀರಿ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಬ್ಲ್ಯಾಕ್‌ಮೋರ್ ಗಿಟಾರ್ ತೆಗೆದುಕೊಂಡು ಒಂದೇ ಸ್ವರವನ್ನು ಬಿಡದೆ ಬಾರಿಸತೊಡಗಿದರು, ಗಿಲನ್ ಬಾಯಿಗೆ ಬಂದ ಸಾಲುಗಳನ್ನು ಹಾಡಿದರು. ಆ ರಾತ್ರಿಯೇ ವೇದಿಕೆಗೂ ಏರಿಸಿದರು. ಹುಟ್ಟಿನಿಂದಲೇ ವೇದಿಕೆಯ ಹಾಡು ಅದು. ಒಸಾಕಾದಲ್ಲಿ ಶುರುವಾಗುವ ರೀತಿ ನೋಡಿ: ಸ್ನೇರ್ ಡ್ರಮ್ಮಿನ ಮೇಲೆ ಪೇಸ್ ಅವರ ಕೋಲು ಮೆಲ್ಲಗೆ ಓಡಲು ತೊಡಗುತ್ತದೆ, ಆರ್ಗನ್ ಗುರುಗುಟ್ಟುತ್ತದೆ, ಬೇಸ್ ಬಂದು ಸೇರುತ್ತದೆ, ಶಬ್ದ ಏರುತ್ತ ಏರುತ್ತ ಹಾಡು ಸಿಡಿಯುತ್ತದೆ. ಸ್ಟುಡಿಯೋದ ರೂಪವೂ ಚೆನ್ನಾಗಿದೆ, ಆದರೆ ಈ ಏರಿಕೆಯ ಮುಂದೆ ಅದು ಸಪ್ಪೆ ಎನಿಸುತ್ತದೆ.

ನನ್ನ ಬಳಿ ಗಿಟಾರ್ ಕಲಿಯಲು ಬರುವ ಮಕ್ಕಳು ಮೊದಲು ಕೇಳುವುದು 'ಸ್ಮೋಕ್ ಆನ್ ದ ವಾಟರ್' ಹಾಡಿನ ಆರಂಭದ ಪಟ್ಟು, ಅಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ರಿಫ್. ಎಲ್ಲರೂ ಪಿಕ್ ಹಿಡಿದು ಒಂದೇ ತಂತಿಯ ಮೇಲೆ ಬಾರಿಸುತ್ತಾರೆ. ಬ್ಲ್ಯಾಕ್‌ಮೋರ್ ಅದನ್ನು ಬೆರಳಿನಿಂದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ನುಡಿಸುತ್ತಾರೆ. ಎರಡೂ ಸ್ವರಗಳು ಒಂದೇ ಕ್ಷಣಕ್ಕೆ ಏಳುವುದರಿಂದಲೇ ಅದಕ್ಕೆ ಆ ತೂಕ. ಆಲ್ಬಮ್‌ನಲ್ಲಿರುವುದು ಮೊದಲ ರಾತ್ರಿಯದು. ಆ ಪಟ್ಟು ಶುರುವಾಗುತ್ತಿದ್ದಂತೆ ಸಭಿಕರು ಚಪ್ಪಾಳೆಯಿಂದ ಲಯ ಹಿಡಿಯಲು ನೋಡುತ್ತಾರೆ. ಹಾಡು ಹೊರಬಂದು ಇನ್ನೂ ಆರು ತಿಂಗಳೂ ಆಗಿರಲಿಲ್ಲ ಎಂಬುದನ್ನು ನೆನಪಿಡಿ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೊ ಊರಿನ ಕ್ಯಾಸಿನೊ ಸುಟ್ಟದ್ದನ್ನು ಕಣ್ಣಾರೆ ಕಂಡು ಬರೆದ ಹಾಡು, 1972ರ ಮಾರ್ಚ್‌ನಲ್ಲಿ 'ಮಷೀನ್ ಹೆಡ್' ಆಲ್ಬಮ್‌ನಲ್ಲಿ ಬಂತು, ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಕೇಳಿಸಿತು. ಹಾಡು ಇನ್ನೂ ಹಸಿಯಾಗಿದೆ, ನುಡಿಸುವವರಿಗೂ ಅದರ ಕುತೂಹಲ ತೀರಿಲ್ಲ.

ಲೀಡ್ಸ್ ಪಕ್ಷ:

ನಾನು ಒಪ್ಪುವುದಿಲ್ಲ. ಕಾರಣವನ್ನೂ ಕೊಡುತ್ತೇನೆ.

ದ ಹೂ ತಂಡದ 'ಲೈವ್ ಅಟ್ ಲೀಡ್ಸ್' 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಮುದ್ರಿತವಾಯಿತು. ಆರು ಹಾಡು, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಕಂದು ಕಾಗದದ ಹೊದಿಕೆ, ರಬ್ಬರ್ ಮುದ್ರೆ ಒತ್ತಿದಂತಹ ಹೆಸರು. ಧ್ವನಿಯಲ್ಲಿ ಕೇಳುವ ಚಟಪಟ ಸದ್ದನ್ನು ಸರಿಪಡಿಸಬೇಡಿ ಎಂದು ತಟ್ಟೆಯ ಲೇಬಲ್ ಮೇಲೆಯೇ ಬರೆದಿದ್ದರು. ಮೂರು ವಾದ್ಯ, ಒಂದು ಮುಖ್ಯ ಕಂಠ. ಜಾನ್ ಎಂಟ್‌ವಿಸಲ್ ಅವರ ಬೇಸ್ ಎರಡನೆಯ ಗಿಟಾರಿನಂತೆ ಓಡಾಡುತ್ತದೆ, ಕೀತ್ ಮೂನ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹೇಳಬೇಕಾದದ್ದನ್ನು ಹೇಳಿ ಇಳಿದುಬಿಡುತ್ತಾರೆ.

'ಮೇಡ್ ಇನ್ ಜಪಾನ್' ಹಾಗಲ್ಲ. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷವಿದ್ದ 'ಸ್ಪೇಸ್ ಟ್ರಕಿನ್' ಇಲ್ಲಿ ಇಪ್ಪತ್ತು ನಿಮಿಷದ ಹತ್ತಿರ ಹೋಗಿದೆ, ಎಲ್‌ಪಿಯ ಒಂದು ಇಡೀ ಬದಿ. 'ದ ಮ್ಯೂಲ್' ಒಂಬತ್ತೂವರೆ ನಿಮಿಷ, ಅದರ ಬಹುಭಾಗ ಡ್ರಮ್ಸ್ ಒಂದೇ. ಕಛೇರಿಯಲ್ಲಿ ಕುಳಿತವರಿಗೆ ಅದು ಸೊಗಸಾಗಿರಬಹುದು. ಮನೆಯಲ್ಲಿ ಮತ್ತೆ ಮತ್ತೆ ಕೇಳುವವನಿಗೆ ಅದು ಬೇಕೇ? ಖ್ಯಾತಿಯನ್ನು ಜನ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದಿದ್ದಾರೆ. ನಾಲ್ಕನೆಯ ಬದಿಯನ್ನು ಎಷ್ಟು ಜನ ಕೊನೆಯವರೆಗೆ ಕೇಳಿದ್ದಾರೆ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಮೃದಂಗ ಮೈಸೂರು:

ಲೀಡ್ಸ್ ಪಕ್ಷದ ಗೆಳೆಯರೇ, ನೀವು ಮೆಚ್ಚುವ ಆಲ್ಬಮ್‌ನಲ್ಲಿ 'ಮೈ ಜನರೇಷನ್' ಎಷ್ಟು ಹೊತ್ತಿದೆ? ಹದಿನಾಲ್ಕು ನಿಮಿಷದ ಮೇಲಿದೆ. ಆದ್ದರಿಂದ ಉದ್ದದ ಮಾತನ್ನು ಬದಿಗಿಟ್ಟು, ಆ ಉದ್ದದಲ್ಲಿ ಏನು ನಡೆಯುತ್ತದೆ ಎಂದು ನೋಡೋಣ.

ನಾನು ಕರ್ನಾಟಕ ಸಂಗೀತದ ಮೃದಂಗ ವಾದಕ. ತನಿ ಆವರ್ತನ (ಲಯವಾದ್ಯ ಮಾತ್ರ ನುಡಿಸುವ ಭಾಗ) ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವ ಸಭಿಕರನ್ನು ನೋಡಿ ನೋಡಿ ನನಗೆ ಈ ವಾದ ಚೆನ್ನಾಗಿ ಪರಿಚಯವಿದೆ. 'ದ ಮ್ಯೂಲ್' ಕೇಳುವಾಗ ನಾನು ಗಮನಿಸುವುದು ಪೇಸ್ ಅವರ ಸಂಯಮವನ್ನು. ರಾಕ್ ಡ್ರಮ್ಮರ್ ಎಂದರೆ ತೋಳಿನ ಬಲ ಎಂದುಕೊಂಡವರು ಇದನ್ನು ಕೇಳಬೇಕು. ಅವರದು ಮಣಿಕಟ್ಟಿನ ಕೆಲಸ. ಎಡಗೈ ವಾದಕ ಅವರು. ಜೀನ್ ಕ್ರೂಪಾ, ಬಡ್ಡಿ ರಿಚ್ ಮೊದಲಾದ ಜಾಝ್ ವಾದಕರನ್ನು ಕೇಳಿ ಬೆಳೆದವರು. ಸ್ನೇರ್ ಮೇಲೆ ಒಂದು ಉರುಳಿಕೆಯನ್ನು ಹಿಡಿದು ಅದನ್ನು ಕಿವಿಗೆ ಬೀಳದಷ್ಟು ಸಣ್ಣದಾಗಿಸಿ, ಮತ್ತೆ ದೊಡ್ಡದಾಗಿಸಿ, ಅದರ ಮಧ್ಯದಲ್ಲೇ ಕಾಲಿನ ಡ್ರಮ್ಮಿನಿಂದ ಬೇರೊಂದು ಲೆಕ್ಕ ಎಬ್ಬಿಸುತ್ತಾರೆ. ನಮ್ಮಲ್ಲಿ ತನಿ ನುಡಿಸುವಾಗ ತಾಳವನ್ನು ಗಾಯಕರೋ ಸಭೆಯೋ ಕೈಯಲ್ಲಿ ಹಾಕುತ್ತಿರುತ್ತಾರೆ, ಮೋರಾ ಎಂಬ ಲಯಗುಚ್ಛ ಬಂದರೆ ಮುಕ್ತಾಯ ಹತ್ತಿರ ಎಂದು ಎಲ್ಲರಿಗೂ ತಿಳಿಯುತ್ತದೆ. ಪೇಸ್ ಅವರಿಗೆ ಆ ಆಸರೆ ಇಲ್ಲ. ಲಯವನ್ನು ಮನಸ್ಸಿನಲ್ಲಿ ಒಬ್ಬರೇ ಹೊತ್ತುಕೊಂಡು ಹೋಗಿ, ಉಳಿದವರು ಒಳಬರಬೇಕಾದ ಜಾಗಕ್ಕೆ ತಂದು ಬಿಡುತ್ತಾರೆ. ಅವರು ಒಳಬರುವ ಆ ಕ್ಷಣ ಎಷ್ಟು ಸ್ವಚ್ಛವಾಗಿದೆ ಎಂದು ಇನ್ನೊಮ್ಮೆ ಕೇಳಿ.

ಇದೇ ಕಾರಣಕ್ಕೆ ನಾನು 'ಲೇಜಿ'ಯನ್ನೂ ಮೇಲಿಡುತ್ತೇನೆ. ಅದರ ನಡೆಯಲ್ಲಿ ತೂಗಾಟವಿದೆ, ಜಾಝ್‌ನ ತೂಗಾಟ. ಅಷ್ಟು ಜೋರಾಗಿ ನುಡಿಸುತ್ತಲೇ ಅಷ್ಟು ಹಗುರಾಗಿ ನಡೆಯುವ ರಾಕ್ ತಂಡ ಆ ಕಾಲದಲ್ಲಿ ಇನ್ನೊಂದು ಇರಲಿಲ್ಲ. ಅಂದ ಹಾಗೆ 'ಲೇಜಿ', 'ದ ಮ್ಯೂಲ್' ಎರಡೂ ಟೋಕಿಯೋದವು. ಉಳಿದ ಐದೂ ಒಸಾಕಾದವು.

ಮಿಕ್ಸಿಂಗ್ ಮೇಜು:

ನಾನು ಧ್ವನಿಮುದ್ರಣದ ಕೆಲಸದಲ್ಲಿರುವವನು. ಈ ಚರ್ಚೆಯಲ್ಲಿ ಮಾರ್ಟಿನ್ ಬರ್ಚ್ ಅವರ ಹೆಸರು ಒಂದೇ ಸಲ ಬಂದಿದೆ, ಅದು ಸಾಲದು.

ಎಂಟು ಟ್ರ್ಯಾಕ್‌ನ ಯಂತ್ರ, ಅಂದರೆ ಟೇಪಿನ ಮೇಲೆ ಬೇರೆ ಬೇರೆಯಾಗಿ ಮುದ್ರಿಸಲು ಎಂಟೇ ಸಾಲುಗಳು. ಇಂದು ಒಂದು ಡ್ರಮ್ ಸೆಟ್ಟಿಗೇ ಎಂಟು ಮೈಕ್ ಇಟ್ಟು ಎಂಟು ಟ್ರ್ಯಾಕ್ ಬಳಸುತ್ತೇವೆ. ಅಲ್ಲಿ ಐದು ಜನ ಮತ್ತು ಸಭೆ, ಎಲ್ಲವೂ ಎಂಟರೊಳಗೆ ಹಿಡಿಯಬೇಕು. ಎಂದರೆ ಆಮೇಲೆ ಬದಲಾಯಿಸಲಾಗದ ನಿರ್ಧಾರಗಳನ್ನು ಕಛೇರಿ ನಡೆಯುತ್ತಿರುವಾಗಲೇ ತೆಗೆದುಕೊಳ್ಳಬೇಕು. ಒಬ್ಬರ ಮೈಕಿನೊಳಗೆ ಇನ್ನೊಬ್ಬರ ಸದ್ದು ನುಗ್ಗುತ್ತದೆ, ತಪ್ಪಿದ ಒಂದು ಸ್ವರವನ್ನು ಕಿತ್ತು ಬೇರೆಯದನ್ನು ಕೂರಿಸುವುದು ಸುಲಭವಲ್ಲ. ಬರ್ಚ್ ಅವರಿಗೆ ತಂಡದ ಪ್ರತಿ ಹಾಡೂ ಗೊತ್ತಿತ್ತು, ಯಾವಾಗ ಯಾರ ಸದ್ದು ಏರುತ್ತದೆ ಎಂಬುದೂ ಗೊತ್ತಿತ್ತು. ತಂಡ ಹಾಕಿದ ಷರತ್ತಿನ ಬೆಲೆ ಇಲ್ಲಿ ತಿಳಿಯುತ್ತದೆ.

ಹೆಡ್‌ಫೋನ್ ಹಾಕಿ ಕೇಳಿದರೆ ಆರ್ಗನ್ ಎಡಗಿವಿಗೆ, ಗಿಟಾರ್ ಬಲಗಿವಿಗೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಅನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸುತ್ತಿದ್ದರು. ಆದ್ದರಿಂದಲೇ ಅದರ ದನಿ ಒಡೆದು, ಗೊಗ್ಗರಾಗಿ, ಗಿಟಾರಿಗೆ ಸರಿಸಮಾನವಾಗಿ ನಿಲ್ಲುತ್ತದೆ. ಎರಡೂ ಒಂದೇ ಕಡೆ ಇದ್ದಿದ್ದರೆ ಗೋಜಲಾಗುತ್ತಿತ್ತು. ಮಿಕ್ಸಿಂಗ್‌ಗೆ ಬಂದು ಕುಳಿತ ತಂಡದವರು ಗ್ಲೋವರ್ ಮತ್ತು ಪೇಸ್. ಬಹುಶಃ ಅದಕ್ಕೇ ಬೇಸ್ ಮತ್ತು ಡ್ರಮ್ಸ್ ಇಷ್ಟು ಗಟ್ಟಿಯಾಗಿ ನೆಲ ಹಿಡಿದಿವೆ!

ಇನ್ನು ಖ್ಯಾತಿಯ ಮಾತು. ಎಪ್ಪತ್ತರ ದಶಕದ ಅನೇಕ ಹೆಸರಾಂತ ಲೈವ್ ಆಲ್ಬಮ್‌ಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದಲಾಗಿದೆ. ಕಿಸ್ ತಂಡದ 1975ರ 'ಅಲೈವ್!' ಹಾಗೆ ಆದದ್ದು ಈಗ ಎಲ್ಲರಿಗೂ ಗೊತ್ತು. ಥಿನ್ ಲಿಜ್ಜಿಯ 1978ರ 'ಲೈವ್ ಆ್ಯಂಡ್ ಡೇಂಜರಸ್' ಎಷ್ಟು ಪಾಲು ವೇದಿಕೆಯದು, ಎಷ್ಟು ಪಾಲು ಸ್ಟುಡಿಯೋದ್ದು ಎಂಬ ಜಗಳ ನಿರ್ಮಾಪಕರಿಗೂ ತಂಡದವರಿಗೂ ಇನ್ನೂ ತೀರಿಲ್ಲ. 'ಮೇಡ್ ಇನ್ ಜಪಾನ್' ಮೇಲೆ ಹಾಗೆ ಬಣ್ಣ ಬಳಿದಿಲ್ಲ. ಮೂರು ರಾತ್ರಿಗಳಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸಿದರು, ಅಷ್ಟೇ. ನನ್ನ ವೃತ್ತಿಯವರು ಇದನ್ನು ಗೌರವಿಸುವುದು ಈ ಪ್ರಾಮಾಣಿಕತೆಗಾಗಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಅಲ್ಲಿ ನೆರೆದ ಜನಸಾಗರ ಬಾಯಿಪಾಠ ಹಾಡಿದ ಹಳೆಯ ಹಾಡುಗಳಲ್ಲಿ ಹೆಚ್ಚಿನವನ್ನು ಸ್ಟುಡಿಯೋದಲ್ಲಿ ರೂಪಿಸಿದವರು ಇದೇ ಬರ್ಚ್. 1981ರ 'ಕಿಲ್ಲರ್ಸ್'ನಿಂದ 1992ರ 'ಫಿಯರ್ ಆಫ್ ದ ಡಾರ್ಕ್'ವರೆಗೆ ಆ ತಂಡದ ನಿರ್ಮಾಪಕರು ಅವರು. 2020ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಒಸಾಕಾ ಕನ್ನಡತಿ:

ನಾನು ಒಸಾಕಾದಲ್ಲಿ ನೆಲೆಸಿದ್ದೇನೆ. ಇಲ್ಲಿನ ಹಳೆಯ ತಟ್ಟೆಗಳ ಅಂಗಡಿಗಳಲ್ಲಿ ಈ ಆಲ್ಬಮ್ ಬೆನ್ನಿಗೆ ಕಾಗದದ ಓಬಿ ಪಟ್ಟಿ ಸುತ್ತಿಕೊಂಡು ಈಗಲೂ ಕುಳಿತಿರುತ್ತದೆ. ಜಪಾನಿನಲ್ಲಿ ಇದರ ಹೆಸರು 'ಲೈವ್ ಇನ್ ಜಪಾನ್', ಮುಖಪುಟವೂ ಬೇರೆ. ನಮಗೆಲ್ಲ ಪರಿಚಿತವಾದ ಹೊನ್ನಿನ ಬಣ್ಣದ ಹೊದಿಕೆಯ ಮೇಲಿರುವ ಚಿತ್ರ ಲಂಡನ್ನಿನ ಕಛೇರಿಯದು ಎಂದರೆ ಇಲ್ಲಿನವರು ಬೇಸರಪಟ್ಟುಕೊಳ್ಳುತ್ತಾರೆ, ನ್ಯಾಯವೇ.

ಯಾರೂ ಮುಟ್ಟದ ಒಂದು ವಿಷಯ ಸಭಿಕರದು. 'ಚೈಲ್ಡ್ ಇನ್ ಟೈಮ್' ಆರಂಭದ ಮೆಲುದನಿಯ ಭಾಗ ಕೇಳಿ. ಲಾರ್ಡ್ ಅವರ ಆರ್ಗನ್ ಒಂದೇ, ಅದರ ಮೇಲೆ ಗಿಲನ್ ಪಿಸುಗುಟ್ಟುವಂತೆ ಹಾಡುತ್ತಾರೆ. ಸಾವಿರಾರು ಜನರಿದ್ದಾರೆ, ಒಂದು ಸೀಟಿಯಿಲ್ಲ, ಕೂಗಿಲ್ಲ. ಜಪಾನಿನ ಕೇಳುಗರು ಹಾಡು ನಡೆಯುವಾಗ ಸುಮ್ಮನೆ ಕೇಳುತ್ತಾರೆ, ಮುಗಿದ ಮೇಲೆ ಮೆಚ್ಚುಗೆ ತೋರುತ್ತಾರೆ. ಆ ಹೊತ್ತಿನ ಇಂಗ್ಲೆಂಡ್, ಅಮೆರಿಕದ ರಾಕ್ ಸಭೆಗಳ ಧ್ವನಿಮುದ್ರಣಗಳಲ್ಲಿ ಇಷ್ಟು ಮೌನ ಸಿಗುವುದಿಲ್ಲ. ಆ ಮೌನ ಇದ್ದುದರಿಂದ ಗಿಲನ್ ತಗ್ಗಿ ಹಾಡಲು ಸಾಧ್ಯವಾಯಿತು, ತಗ್ಗಿದ್ದರಿಂದಲೇ ಆಮೇಲಿನ ಆ ಏರು ಚೀತ್ಕಾರ ಮೈ ನಡುಗಿಸುತ್ತದೆ. ಆದ್ದರಿಂದ ಈ ಆಲ್ಬಮ್‌ನಲ್ಲಿ ಆರನೆಯ ವಾದ್ಯವೆಂದರೆ ಸಭೆ ಎಂದೇ ನಾನು ಹೇಳುತ್ತೇನೆ.

ಟೋಕಿಯೋದ ಬುಡೊಕಾನ್ ಬಗ್ಗೆಯೂ ತಿಳಿದಿರಲಿ. 1964ರ ಒಲಿಂಪಿಕ್ಸ್‌ನ ಜೂಡೊ ಪಂದ್ಯಗಳಿಗಾಗಿ ಕಟ್ಟಿದ ಎಂಟು ಮೂಲೆಯ ಭವನ ಅದು. 1966ರಲ್ಲಿ ಬೀಟಲ್ಸ್ ಅಲ್ಲಿ ಹಾಡಲು ಬಂದಾಗ ಸಮರಕಲೆಯ ತಾಣದಲ್ಲಿ ಇಂತಹ ಸಂಗೀತವೇ ಎಂದು ಪ್ರತಿಭಟನೆ ನಡೆದಿತ್ತು. ಆರು ವರ್ಷಗಳ ನಂತರ ಡೀಪ್ ಪರ್ಪಲ್ ಬಂತು. ಆಮೇಲೆ ಚೀಪ್ ಟ್ರಿಕ್, ಬಾಬ್ ಡಿಲನ್ ಇಬ್ಬರೂ 1978ರಲ್ಲಿ ಅದೇ ಭವನದಲ್ಲಿ ಲೈವ್ ಆಲ್ಬಮ್ ಮುದ್ರಿಸಿದರು, ಸ್ಕಾರ್ಪಿಯನ್ಸ್ 'ಟೋಕಿಯೋ ಟೇಪ್ಸ್' ತಂದಿತು, ಮರುವರ್ಷ ಜೂಡಸ್ ಪ್ರೀಸ್ಟ್ ಕೂಡ ಟೋಕಿಯೋದಲ್ಲೇ ಮುದ್ರಿಸಿತು. ರಾಕ್ ತಂಡವೊಂದು ಜಪಾನಿಗೆ ಹೋಗಿ ಲೈವ್ ಆಲ್ಬಮ್ ಮಾಡುವುದು ಒಂದು ಪದ್ಧತಿಯೇ ಆಗಿಹೋಯಿತು. ಚೀಪ್ ಟ್ರಿಕ್ ಅವರದೂ ಮೊದಲು ಜಪಾನಿಗಷ್ಟೇ ಎಂದು ಹೊರಟು ಅಮೆರಿಕವನ್ನು ಗೆದ್ದದ್ದು.

ಇದು ಚರ್ಚೆಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಿಬಿಡುತ್ತೇನೆ: ಒಸಾಕಾದ ಆ ಮೊದಲ ರಾತ್ರಿ ನಮ್ಮ ದೇಶ ಸ್ವಾತಂತ್ರ್ಯದ ಬೆಳ್ಳಿಹಬ್ಬ ಆಚರಿಸುತ್ತಿತ್ತು.

ಹೊಸ ಕೇಳುಗ:

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ವಿದ್ಯಾರ್ಥಿ. ಮೊಬೈಲ್‌ನಲ್ಲಿ ಹುಡುಕಿದರೆ ಈ ಆಲ್ಬಮ್‌ನ ನಾಲ್ಕೈದು ರೂಪಗಳು ಸಿಗುತ್ತಿವೆ. ಯಾವುದರಿಂದ ಶುರು ಮಾಡಲಿ? ಮತ್ತೊಂದು ಪ್ರಶ್ನೆ, 'ಚೈಲ್ಡ್ ಇನ್ ಟೈಮ್' ರಾಗದಲ್ಲಿ ನಮ್ಮ ದೇಶದ ನೆರಳು ಇದೆ ಎಂದು ಒಬ್ಬರು ಹೇಳಿದರು, ನಿಜವೇ?

ಹಳೆಯ ಕ್ಯಾಸೆಟ್:

ತಮ್ಮಾ, ಮೊದಲು 1972ರ ಏಳು ಹಾಡುಗಳ ಮೂಲ ರೂಪವನ್ನೇ ಕೇಳು, ಅದೇ ಕ್ರಮದಲ್ಲಿ. ಹಿಡಿಸಿದರೆ 1993ರಲ್ಲಿ ಬಂದ ಮೂರು ಸಿ.ಡಿ.ಗಳ 'ಲೈವ್ ಇನ್ ಜಪಾನ್' ಕೇಳು. ಅದರಲ್ಲಿ ಮೂರೂ ರಾತ್ರಿಗಳ ಬಹುಭಾಗ ಇದೆ. 2014ರಲ್ಲಿ ಇನ್ನೂ ವಿಸ್ತಾರವಾದ ಆವೃತ್ತಿಯೂ ಬಂತು. ಒಂದೇ ಹಾಡನ್ನು ಮೂರು ರಾತ್ರಿ ಹೇಗೆ ಬೇರೆ ಬೇರೆಯಾಗಿ ಕಟ್ಟಿದ್ದಾರೆ ಎಂದು ಅಕ್ಕಪಕ್ಕ ಇಟ್ಟು ಕೇಳಿದಾಗ ಈ ತಂಡದ ನಿಜವಾದ ಎತ್ತರ ಗೊತ್ತಾಗುತ್ತದೆ. ಬ್ಲ್ಯಾಕ್‌ಮೋರ್ ಒಂದು ರಾತ್ರಿ ಹೋದ ದಾರಿಯಲ್ಲಿ ಮರುದಿನ ಹೋಗುವವರಲ್ಲ.

ಎರಡನೆಯ ಪ್ರಶ್ನೆಗೆ: 'ಚೈಲ್ಡ್ ಇನ್ ಟೈಮ್' ಹಾಡಿನ ಆರಂಭದ ಆರ್ಗನ್ ಎಳೆ ಬಂದದ್ದು ಇಟ್ಸ್ ಎ ಬ್ಯೂಟಿಫುಲ್ ಡೇ ಎಂಬ ಸ್ಯಾನ್‌ಫ್ರಾನ್ಸಿಸ್ಕೊ ತಂಡದ 'ಬಾಂಬೆ ಕಾಲಿಂಗ್' ಎಂಬ 1969ರ ಕೃತಿಯಿಂದ. ಹೆಸರಿನಲ್ಲಿ ಬಾಂಬೆ ಇದೆ ಎಂಬುದು ಬಿಟ್ಟರೆ ಅದನ್ನು ನಮ್ಮ ರಾಗಸಂಗೀತ ಎನ್ನಲಾಗದು. ಆ ತಂಡದವರೂ ಡೀಪ್ ಪರ್ಪಲ್‌ನ 'ರಿಂಗ್ ದಟ್ ನೆಕ್' ಕೃತಿಯನ್ನು ಎತ್ತಿಕೊಂಡು ತಮ್ಮದಾಗಿಸಿಕೊಂಡರು, ಹಾಗಾಗಿ ಸಾಲ ತೀರಿತು.

ದಾವಣಗೆರೆಯ ಗಿಟಾರ್:

ತಮ್ಮನಿಗೆ ನನ್ನ ಕಡೆಯಿಂದ ಒಂದು ಸಲಹೆ: 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ತಪ್ಪಿಸಬೇಡ. ನಡುವಿನಲ್ಲಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಪದಗುಚ್ಛ ನುಡಿಸುತ್ತಾರೆ, ಗಿಲನ್ ಅದನ್ನೇ ಕಂಠದಲ್ಲಿ ತೆಗೆಯುತ್ತಾರೆ. ಮುಂದಿನದು ಕಷ್ಟ, ಅದರ ಮುಂದಿನದು ಇನ್ನೂ ಕಷ್ಟ. ಕೊನೆಗೆ ಗಿಟಾರೇ ತಲುಪಲು ಹಿಂಜರಿಯುವ ಎತ್ತರದಲ್ಲಿ ಗಿಲನ್ ಕೂಗು ನಿಲ್ಲುತ್ತದೆ. 1970ರ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಧ್ವನಿಮುದ್ರಿಕೆಯಲ್ಲಿ ಏಸುವಿನ ಪಾತ್ರ ಹಾಡಿದ ಕಂಠ ಇದೇ. ಆ ಇಬ್ಬರ ನಡುವೆ ವೇದಿಕೆಯ ಹೊರಗೆ ಮಾತುಕತೆ ಸರಿಯಿರಲಿಲ್ಲ. ಅದನ್ನು ತಿಳಿದು ಕೇಳಿದರೆ ಆ ಕೊಡುಕೊಳ್ಳುವಿಕೆಯಲ್ಲಿ ಸ್ನೇಹವೂ ಇದೆ, ಹಟವೂ ಇದೆ ಎನ್ನಿಸುತ್ತದೆ. ಆಲ್ಬಮ್ ಇಂಗ್ಲೆಂಡಿನಲ್ಲಿ ಹೊರಬಂದ 1972ರ ಡಿಸೆಂಬರ್‌ನಲ್ಲೇ ಗಿಲನ್ ತಂಡ ಬಿಡುವುದಾಗಿ ತಿಳಿಸಿದ್ದರು. ಈ ಐವರು ಆ ಕಾಲದಲ್ಲಿ ಒಟ್ಟಿಗೆ ನುಡಿಸಿದ ಕೊನೆಯ ಕಛೇರಿ 1973ರ ಜೂನ್ 29ರದು. ಅದೂ ಒಸಾಕಾದಲ್ಲೇ.

ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ ಈ ಆಲ್ಬಮ್ ಆರನೆಯ ಸ್ಥಾನದವರೆಗೆ, 'ಸ್ಮೋಕ್ ಆನ್ ದ ವಾಟರ್' ನಾಲ್ಕನೆಯ ಸ್ಥಾನದವರೆಗೆ ಏರಿತು. ತಂಡ ಮುರಿದುಬೀಳುವ ಹೊತ್ತಿಗೆ ಲೋಕ ಅವರನ್ನು ಕಂಡುಕೊಂಡಿತು.

ಲೀಡ್ಸ್ ಪಕ್ಷ:

ಮೃದಂಗ ಅವರ ಮಾತಿನ ನಂತರ 'ದ ಮ್ಯೂಲ್' ಬಗ್ಗೆ ನಾನು ವಾದ ಮುಂದುವರಿಸುವುದಿಲ್ಲ, ಬಲ್ಲವರು ಹೇಳಿದ್ದಾರೆ. ಸಭೆಯ ಬಗ್ಗೆ ಒಸಾಕಾದ ಅಕ್ಕ ಬರೆದದ್ದು ಈ ಚರ್ಚೆಯ ಅತ್ಯುತ್ತಮ ಮಾತು. ಆದರೆ 'ಸ್ಪೇಸ್ ಟ್ರಕಿನ್' ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಹಾಡು ಮೊದಲ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆಮೇಲಿನದು ಬೇರೆಯೇ ಸರಕು.

ಮೃದಂಗ ಮೈಸೂರು:

ಬೇರೆಯೇ ಸರಕು ಎಂಬುದು ನಿಜ, ಅದಕ್ಕೊಂದು ಇತಿಹಾಸವೂ ಇದೆ. ಆ ದೀರ್ಘ ವಾದನಭಾಗವನ್ನು ಅವರು ಮೊದಲು 'ಮ್ಯಾಂಡ್ರೇಕ್ ರೂಟ್' ಎಂಬ ಹಳೆಯ ಹಾಡಿನ ಬಾಲದಲ್ಲಿ ಬೆಳೆಸುತ್ತಿದ್ದರು. ಆ ಹಾಡು ಕೈಬಿಟ್ಟಾಗ ಅದನ್ನು ತಂದು 'ಸ್ಪೇಸ್ ಟ್ರಕಿನ್'ಗೆ ಜೋಡಿಸಿದರು. ಕೊನೆಗೆ ಇಡುವ ದೊಡ್ಡ ಮನೋಧರ್ಮದ ಭಾಗ ಅದು, ಆ ಕ್ಷಣದಲ್ಲೇ ಕಲ್ಪಿಸಿ ನುಡಿಸುವಂಥದ್ದು. ಲಾರ್ಡ್ ರಿಂಗ್ ಮಾಡ್ಯುಲೇಟರ್ ಎಂಬ ಸದ್ದು ಬದಲಿಸುವ ಉಪಕರಣ ಬಳಸಿ ಆರ್ಗನ್ನಿನಿಂದ ಗುರುತೇ ಸಿಗದ ಸದ್ದುಗಳನ್ನು ಎಬ್ಬಿಸುವಾಗ ಪೇಸ್ ಮತ್ತು ಗ್ಲೋವರ್ ಅದೇ ನಡೆಯನ್ನು ಹಿಡಿದು ಕಾಯುತ್ತಾರೆ. ಅವರ ತಾಳ್ಮೆಯನ್ನು ಹಿಂಬಾಲಿಸಿ ಕೇಳಿ. ಆಗ ಆ ಹದಿನೈದು ನಿಮಿಷಕ್ಕೆ ದಿಕ್ಕು ಕಾಣುತ್ತದೆ.

ಲೀಡ್ಸ್ ಪಕ್ಷ:

ಈ ಭಾನುವಾರ ಹಾಗೆಯೇ ಕೇಳುತ್ತೇನೆ, ಬೇಸ್ ಹಿಡಿದು. ನೀವು 'ಲೈವ್ ಅಟ್ ಲೀಡ್ಸ್' ಕೇಳಿ, ಎಂಟ್‌ವಿಸಲ್ ಅವರನ್ನು ಹಿಡಿದು. ಸೋಮವಾರ ಇಲ್ಲಿಯೇ ಬರೆಯೋಣ.